ನಿಸರ್ಗಪ್ರೇರಿತ ಸುಸ್ಥಿರ ವಿನ್ಯಾಸ

ನಿಸರ್ಗಪ್ರೇರಿತ ಸುಸ್ಥಿರ ವಿನ್ಯಾಸವು ಸಸ್ಯಗಳು, ಪ್ರಾಣಿಗಳು ಹಾಗೂ ಕಾಡು, ಕೆರೆಗಳಂತಹ ಜೀವವ್ಯವಸ್ಥೆಗಳು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ವಿಧಾನಗಳನ್ನು ಅಭ್ಯಸಿಸಿ, ಆ ತಿಳಿವಳಿಕೆಯಿಂದ ಪರಿಸರಕ್ಕೆ ಹೊರೆಯಾಗದ ವಸ್ತು, ಕಟ್ಟಡ ಮತ್ತು ವ್ಯವಸ್ಥೆಗಳನ್ನು ರೂಪಿಸುವ ಅಧ್ಯಯನ ಕ್ಷೇತ್ರವಾಗಿದೆ. ಜೀವಶಾಸ್ತ್ರ, ಎಂಜಿನಿಯರಿಂಗ್, ವಾಸ್ತುಶಿಲ್ಪ ಹಾಗೂ ವಿನ್ಯಾಸ ಕಲೆ ಇದರಲ್ಲಿ ಒಂದುಗೂಡುತ್ತವೆ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಸಾಮಾನ್ಯವಾಗಿ ಪ್ರತ್ಯೇಕ ಪದವಿಯಾಗಿ ಅಲ್ಲದೆ, ವಿನ್ಯಾಸ, ವಾಸ್ತುಶಿಲ್ಪ, ಎಂಜಿನಿಯರಿಂಗ್ ಮತ್ತು ಜೀವವಿಜ್ಞಾನ ಪದವಿಗಳ ಒಂದು ಅಂಗವಾಗಿ ಕಲಿಯಲಾಗುತ್ತದೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ರೇಷ್ಮೆ ಕಸುಬು, ಮಲೆ ಮಹದೇಶ್ವರ ಬೆಟ್ಟದ ಲಂಟಾನ ಕರಕುಶಲ ಹಾಗೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅರಣ್ಯಜ್ಞಾನ ಈ ವಿಷಯದ ಅಧ್ಯಯನಕ್ಕೆ ಒದಗುವ ಕರ್ನಾಟಕದ ಪ್ರಮುಖ ನಿದರ್ಶನಗಳಾಗಿವೆ.

ಪದ ಮತ್ತು ಪರಿಕಲ್ಪನೆ

ಇಂಗ್ಲಿಷಿನಲ್ಲಿ ಈ ಕ್ಷೇತ್ರಕ್ಕೆ ಬಯೋಮಿಮಿಕ್ರಿ ಹಾಗೂ ಬಯೋಮಿಮೆಟಿಕ್ಸ್ ಎಂಬ ಹೆಸರುಗಳಿವೆ. ಗ್ರೀಕ್ ಭಾಷೆಯ ‘ಬಯೋಸ್’ ಎಂದರೆ ಜೀವ, ‘ಮಿಮೆಸಿಸ್’ ಎಂದರೆ ಅನುಕರಣೆ. ಕನ್ನಡದಲ್ಲಿ ಇದನ್ನು ಜೀವಾನುಕರಣೆ ಎನ್ನಬಹುದು. ಅನುಕರಣೆಯು ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಆಕಾರದ ಅನುಕರಣೆ. ಹಕ್ಕಿಯ ಕೊಕ್ಕು, ಎಲೆಯ ಮೇಲ್ಮೈ, ಜೇನುಗೂಡಿನ ಷಡ್ಭುಜ ಕೋಶಗಳು ಇದಕ್ಕೆ ಮಾದರಿ. ಎರಡನೆಯದು ಪ್ರಕ್ರಿಯೆಯ ಅನುಕರಣೆ. ರೇಷ್ಮೆಹುಳು ಸಾಧಾರಣ ಉಷ್ಣತೆಯಲ್ಲಿ ನೂಲು ತೆಗೆಯುವ ಬಗೆಯನ್ನು ಅರಿಯುವುದು ಇಂಥದ್ದು. ಮೂರನೆಯದು ಇಡೀ ಜೀವವ್ಯವಸ್ಥೆಯ ಅನುಕರಣೆ. ಕಾಡಿನಲ್ಲಿ ಉದುರಿದ ತರಗೆಲೆಯು ಮತ್ತೊಂದು ಜೀವಕ್ಕೆ ಆಹಾರವಾಗುವಂತೆ, ಒಂದು ಕಾರ್ಖಾನೆಯ ತ್ಯಾಜ್ಯವು ಇನ್ನೊಂದಕ್ಕೆ ಕಚ್ಚಾವಸ್ತುವಾಗುವಂತೆ ಯೋಜಿಸುವುದು ಇದರ ಗುರಿ.

ಆಕಾರವನ್ನಷ್ಟೇ ಅನುಕರಿಸಿದ ಮಾತ್ರಕ್ಕೆ ವಿನ್ಯಾಸವು ಸುಸ್ಥಿರವಾಗುವುದಿಲ್ಲ. ಕಮಲದ ಆಕಾರದಲ್ಲಿ ಕಟ್ಟಿದ ಗಾಜು ಮತ್ತು ಕಾಂಕ್ರೀಟಿನ ಕಟ್ಟಡವು ನೋಟಕ್ಕೆ ನಿಸರ್ಗವನ್ನು ಹೋಲಿದರೂ, ಅದನ್ನು ತಂಪಾಗಿಡಲು ಹೆಚ್ಚು ವಿದ್ಯುತ್ ಬೇಕಾದರೆ ಈ ಕ್ಷೇತ್ರದ ಉದ್ದೇಶ ಈಡೇರಿದಂತಾಗದು. ಆದ್ದರಿಂದ ವಸ್ತುವಿನ ಮೂಲ, ತಯಾರಿಕೆ, ಬಳಕೆ ಹಾಗೂ ಕೊನೆಯಲ್ಲಿ ಅದು ಸೇರುವ ಸ್ಥಳ, ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಜೀವನಚಕ್ರ ವಿಶ್ಲೇಷಣೆಯು ಇಲ್ಲಿ ಅನಿವಾರ್ಯವಾದ ಅಂಗ.

ಇತಿಹಾಸ

ನಿಸರ್ಗವನ್ನು ನೋಡಿ ಕಲಿಯುವುದು ಮನುಷ್ಯನಿಗೆ ಹೊಸದಲ್ಲ. ಆಧುನಿಕ ಶಾಸ್ತ್ರವಾಗಿ ಇದು ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸ್ವಿಸ್ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ 1941ರಲ್ಲಿ ತನ್ನ ನಾಯಿಯ ಮೈಗೆ ಅಂಟಿಕೊಂಡ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅವುಗಳ ಕೊಕ್ಕೆಗಳನ್ನು ಮಾದರಿಯಾಗಿಟ್ಟುಕೊಂಡು ವೆಲ್ಕ್ರೋ ಪಟ್ಟಿಯನ್ನು ರೂಪಿಸಿದನು. ಅಮೆರಿಕದ ವಿಜ್ಞಾನಿ ಆಟೋ ಸ್ಮಿಟ್ 1950ರ ದಶಕದಲ್ಲಿ ಬಯೋಮಿಮೆಟಿಕ್ಸ್ ಎಂಬ ಪದವನ್ನು ಬಳಕೆಗೆ ತಂದನು. ಜಾನೀನ್ ಬೆನ್ಯೂಸ್ ಅವರು 1997ರಲ್ಲಿ ಪ್ರಕಟಿಸಿದ ‘ಬಯೋಮಿಮಿಕ್ರಿ’ ಗ್ರಂಥವು ಸುಸ್ಥಿರತೆಯ ಪ್ರಶ್ನೆಯನ್ನು ಈ ಅಧ್ಯಯನದ ಕೇಂದ್ರಕ್ಕೆ ತಂದಿತು. 2015ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಈ ಕ್ಷೇತ್ರದ ಪರಿಭಾಷೆಗೆ ಸಂಬಂಧಿಸಿದ ಮಾನಕವನ್ನು ಹೊರತಂದಿತು.

ಪಠ್ಯಗಳಲ್ಲಿ ಪದೇ ಪದೇ ಉಲ್ಲೇಖವಾಗುವ ನಿದರ್ಶನಗಳಲ್ಲಿ ಜಪಾನಿನ 500 ಸರಣಿಯ ಬುಲೆಟ್ ರೈಲು ಒಂದು. ಅತಿವೇಗದ ರೈಲು ಸುರಂಗದಿಂದ ಹೊರಬರುವಾಗ ಉಂಟಾಗುತ್ತಿದ್ದ ಭಾರಿ ಸದ್ದನ್ನು ತಗ್ಗಿಸಲು, ಪಕ್ಷಿವೀಕ್ಷಕರೂ ಆಗಿದ್ದ ಎಂಜಿನಿಯರ್ ಏಜಿ ನಕಾಟ್ಸು ಅವರು ಮಿಂಚುಳ್ಳಿಯ ಕೊಕ್ಕಿನ ಆಕಾರವನ್ನು ರೈಲಿನ ಮೂತಿಗೆ ಅಳವಡಿಸಿದರು. ಆ ರೈಲು 1997ರಲ್ಲಿ ಸೇವೆಗೆ ಬಂದಿತು. ತಾವರೆ ಎಲೆಯ ಮೇಲೆ ನೀರು ನಿಲ್ಲುವುದಿಲ್ಲವೆಂಬುದು ಭಾರತೀಯ ಸಾಹಿತ್ಯದಲ್ಲಿ ನಿರ್ಲಿಪ್ತತೆಗೆ ಸಂಕೇತವಾಗಿ ಬಹುಕಾಲದಿಂದ ಬಂದಿರುವ ಮಾತು. ಎಲೆಯ ಮೇಲಿನ ಸೂಕ್ಷ್ಮ ಉಬ್ಬುಗಳು ಮತ್ತು ಮೇಣದ ಹರಳುಗಳು ಇದಕ್ಕೆ ಕಾರಣವೆಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ವಿವರಿಸಿದರು. ಜಾರುವ ಹನಿಗಳು ಧೂಳನ್ನೂ ಕೊಂಡೊಯ್ಯುವುದರಿಂದ, ಈ ತತ್ತ್ವವನ್ನು ತಾನೇ ಶುಚಿಯಾಗುವ ಬಣ್ಣ ಹಾಗೂ ಲೇಪನಗಳಲ್ಲಿ ಬಳಸಲಾಗಿದೆ. ಕೆಸುವಿನ ಎಲೆಯಲ್ಲಿಯೂ ಇದೇ ಗುಣವನ್ನು ಕಾಣಬಹುದು.

ಬಳಕೆ, ಸಹಕಾರ ಮತ್ತು ಅನುಕರಣೆ

ವಿದ್ಯಾರ್ಥಿಯು ಆರಂಭದಲ್ಲಿಯೇ ಅರಿಯಬೇಕಾದ ಒಂದು ವಿಂಗಡಣೆಯಿದೆ. ಜೀವಿಯ ದೇಹವನ್ನು ಅಥವಾ ಅದರ ಭಾಗವನ್ನು ವಸ್ತುವಾಗಿ ಉಪಯೋಗಿಸುವುದು ಜೈವಿಕ ಬಳಕೆ. ಜೀವಿಯನ್ನು ಸಾಕಿ, ಅದರಿಂದ ಕೆಲಸ ಪಡೆಯುವುದು ಜೈವಿಕ ಸಹಕಾರ. ಜೀವಿಯನ್ನು ಮುಟ್ಟದೆ, ಅದು ಅನುಸರಿಸುವ ತತ್ತ್ವವನ್ನು ಮಾತ್ರ ಎರವಲು ಪಡೆಯುವುದು ಜೀವಾನುಕರಣೆ. ಬಿದಿರಿನಿಂದ ಬುಟ್ಟಿ ಹೆಣೆದರೆ ಬಳಕೆ, ಜೇನು ಸಾಕಿದರೆ ಸಹಕಾರ, ಜೇನುಗೂಡಿನ ಕೋಶರಚನೆಯಂತೆ ಹಗುರವೂ ಗಟ್ಟಿಯೂ ಆದ ಹಲಗೆಯನ್ನು ತಯಾರಿಸಿದರೆ ಅನುಕರಣೆ. ಸುಸ್ಥಿರ ವಿನ್ಯಾಸದಲ್ಲಿ ಈ ಮೂರಕ್ಕೂ ಸ್ಥಾನವಿದೆ. ಆದರೆ ಮೂರರ ಪರಿಣಾಮಗಳು ಬೇರೆ ಬೇರೆ. ಬಳಕೆ ಹೆಚ್ಚಿದಂತೆ ಸಂಪನ್ಮೂಲವು ಬರಿದಾಗುವ ಸಂಭವವಿದ್ದರೆ, ತತ್ತ್ವವನ್ನು ಎಷ್ಟು ಬಾರಿ ಎರವಲು ಪಡೆದರೂ ಅದು ಕರಗುವುದಿಲ್ಲ.

ಕರ್ನಾಟಕದಲ್ಲಿ ಸಂಶೋಧನೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಈ ಕ್ಷೇತ್ರದಲ್ಲಿ ಗಮನಾರ್ಹ ಕೆಲಸ ಮಾಡಿದೆ. ಅಲ್ಲಿನ ಪ್ರಾಧ್ಯಾಪಕ ಅಮರೇಶ್ ಚಕ್ರಬರ್ತಿ ಮತ್ತು ಸಂಗಡಿಗರು ‘ಐಡಿಯಾ–ಇನ್‌ಸ್ಪೈರ್’ ಎಂಬ ತಂತ್ರಾಂಶವನ್ನು ರೂಪಿಸಿ, 2005ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ವಿನ್ಯಾಸಕಾರನು ತನ್ನ ಸಮಸ್ಯೆಯನ್ನು ಕ್ರಿಯಾರೂಪದಲ್ಲಿ ಹೇಳಿದರೆ, ಅದಕ್ಕೆ ಹೊಂದುವ ಜೈವಿಕ ಹಾಗೂ ಯಾಂತ್ರಿಕ ವ್ಯವಸ್ಥೆಗಳನ್ನು ಈ ತಂತ್ರಾಂಶವು ತನ್ನ ಸಂಗ್ರಹದಿಂದ ಹುಡುಕಿ ತೋರಿಸುತ್ತದೆ.

ಹುತ್ತದ ಅಧ್ಯಯನವು ಮತ್ತೊಂದು ಮುಖ್ಯ ವಿಷಯ. ಜಿಂಬಾಬ್ವೆಯ ಹರಾರೆಯಲ್ಲಿ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ರೂಪಿಸಿದ, 1996ರಲ್ಲಿ ಪೂರ್ಣಗೊಂಡ ಈಸ್ಟ್‌ಗೇಟ್ ಕಟ್ಟಡವು ಗೆದ್ದಲ ಹುತ್ತದಿಂದ ಪ್ರೇರಣೆ ಪಡೆದದ್ದೆಂದು ಪ್ರಸಿದ್ಧವಾಗಿದೆ. ಹುತ್ತದೊಳಗಿನ ಬಿಸಿಗಾಳಿ ಮೇಲೇರಿ ಹೊರಹೋಗುವುದರಿಂದ ಅದು ತಂಪಾಗಿರುತ್ತದೆಂಬ ತಿಳಿವಳಿಕೆ ಆಗ ಪ್ರಚಲಿತವಾಗಿತ್ತು. ನಂತರದ ಸಂಶೋಧನೆಗಳು ಇದನ್ನು ತಿದ್ದಿದವು. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿರುವ ಓಡೊಂಟೊಟರ್ಮಿಸ್ ಒಬೆಸಸ್ ಜಾತಿಯ ಗೆದ್ದಲ ಹುತ್ತಗಳನ್ನು ಅಳೆದು ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಓಕೋ ಮತ್ತು ಎಲ್. ಮಹಾದೇವನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಗಲಿನಲ್ಲಿ ಹುತ್ತದ ಹೊರಮೈಯ ಏಣುಗಳು ಒಳಭಾಗಕ್ಕಿಂತ ಬೇಗ ಕಾಯುವುದರಿಂದ ಗಾಳಿಯು ಅಂಚಿನಲ್ಲಿ ಮೇಲೇರಿ ನಡುವಿನಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಹೊರಮೈ ತಣ್ಣಗಾದಾಗ ಈ ಚಲನೆ ತಿರುವುಮುರುವಾಗುತ್ತದೆ. ಹೀಗೆ ಹಗಲು ರಾತ್ರಿಗಳ ಉಷ್ಣತೆಯ ವ್ಯತ್ಯಾಸವೇ ಹುತ್ತದ ಉಸಿರಾಟವನ್ನು ನಡೆಸುತ್ತದೆ. ಪ್ರೇರಣೆಯಾದ ವಿವರಣೆಯು ಪೂರ್ಣ ಸರಿಯಾಗಿರದಿದ್ದರೂ ಈಸ್ಟ್‌ಗೇಟ್ ಕಟ್ಟಡವು ಸಾಂಪ್ರದಾಯಿಕ ಹವಾನಿಯಂತ್ರಣವಿಲ್ಲದೆ ಬಳಕೆಯಲ್ಲಿದೆ. ಜೀವಶಾಸ್ತ್ರದ ತಿಳಿವಳಿಕೆಯನ್ನು ಮತ್ತೆ ಮತ್ತೆ ಪರೀಕ್ಷಿಸಬೇಕೆಂಬುದಕ್ಕೆ ಇದು ಪಠ್ಯಗಳಲ್ಲಿ ಉದಾಹರಣೆಯಾಗಿದೆ.

ಅತ್ತಿಯ ಹಣ್ಣಿನೊಳಗೆ ಮೊಟ್ಟೆಯಿಡುವ ಒಂದು ಪರಾವಲಂಬಿ ಕಣಜದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಲಕ್ಷ್ಮೀನಾಥ್ ಕುಂದನಾಟಿ ಮತ್ತು ನಮ್ರತಾ ಗುಂಡಯ್ಯ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಸಾಲಿಗೆ ಸೇರುತ್ತದೆ. ಕೂದಲಿಗಿಂತ ತೆಳುವಾದ ಅಂಗದಿಂದ ಆ ಕಣಜವು ಗಟ್ಟಿಯಾದ ಕಾಯನ್ನು ಕೊರೆಯುತ್ತದೆ. ಆ ಅಂಗದ ತುದಿಯಲ್ಲಿ ಹಲ್ಲಿನಂತಹ ರಚನೆಯೂ ಸತುವಿನ ಅಂಶವೂ ಇರುವುದನ್ನು ಅಧ್ಯಯನವು ತೋರಿಸಿತು. ಇಂತಹ ತಿಳಿವಳಿಕೆಯು ಅತಿ ಸೂಕ್ಷ್ಮವಾದ ಕೊರೆಯುವ ಉಪಕರಣಗಳ ವಿನ್ಯಾಸಕ್ಕೆ ನೆರವಾಗಬಲ್ಲದು.

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು

ಈ ಮೂರು ತಾಲ್ಲೂಕುಗಳು ಚಾಮರಾಜನಗರ ಜಿಲ್ಲೆಗೆ ಸೇರಿವೆ. ಹನೂರು ಮೊದಲು ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿತ್ತು. ಯಳಂದೂರಿನ ಬದಿಗೆ ಬಿಳಿಗಿರಿರಂಗನ ಬೆಟ್ಟ, ಹನೂರಿನ ಬದಿಗೆ ಮಲೆ ಮಹದೇಶ್ವರ ಬೆಟ್ಟ, ಬಯಲಿನಲ್ಲಿ ಹಿಪ್ಪುನೇರಳೆ ತೋಟಗಳಿರುವ ಈ ಪ್ರದೇಶದಲ್ಲಿ ಮೇಲೆ ಹೇಳಿದ ವಿಂಗಡಣೆಯನ್ನು ಕಣ್ಣಾರೆ ಕಾಣಬಹುದು.

ರೇಷ್ಮೆ

ಕೊಳ್ಳೇಗಾಲವು 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಮತ್ತು ಆ ಪ್ರಾಂತ್ಯದ ರೇಷ್ಮೆ ಕೃಷಿಯ ಮುಖ್ಯ ಕೇಂದ್ರವಾಗಿತ್ತು. ಕೊಳ್ಳೇಗಾಲದ ರೇಷ್ಮೆ ಸೀರೆಗಳು ಇಂದಿಗೂ ಹೆಸರಾಗಿವೆ. ರೇಷ್ಮೆಯು ಜೈವಿಕ ಸಹಕಾರಕ್ಕೆ ಉತ್ತಮ ನಿದರ್ಶನ. ಹಣ್ಣಾದ ಹುಳುಗಳನ್ನು ಬಿಡುವ ಬಿದಿರಿನ ಚಂದ್ರಂಕಿಯು ಹುಳುವಿನ ಸ್ವಭಾವವನ್ನು ಅರಿತು ಮಾಡಿದ ಸಾಧನ. ಸುರುಳಿಯಾಗಿ ಸುತ್ತಿದ ಬಿದಿರಿನ ಪಟ್ಟಿಯು ಪ್ರತಿ ಹುಳುವಿಗೂ ಗೂಡು ಕಟ್ಟಲು ಬೇಕಾದಷ್ಟು ಅಂತರವನ್ನು ಒದಗಿಸುತ್ತದೆ, ಗಾಳಿಯಾಡಲು ಅನುವು ಮಾಡಿಕೊಡುತ್ತದೆ.

ರೇಷ್ಮೆ ಎಳೆಯು ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ತಂತುಗಳಿಂದ ಆಗಿದ್ದು, ಸೆರಿಸಿನ್ ಎಂಬ ಅಂಟು ಅವೆರಡನ್ನೂ ಬೆಸೆದಿರುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಈ ಅಂಟು ಸಡಿಲಗೊಂಡು ನೂಲು ಬಿಚ್ಚುವುದು ಸಾಧ್ಯವಾಗುತ್ತದೆ. ನೈಲಾನ್ ತಯಾರಿಕೆಗೆ ಪೆಟ್ರೋಲಿಯಂ ಮೂಲದ ಕಚ್ಚಾವಸ್ತುವೂ 250 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣತೆಯೂ ಬೇಕು. ರೇಷ್ಮೆಹುಳು ಅದೇ ಬಗೆಯ ಬಲವುಳ್ಳ ಎಳೆಯನ್ನು ಎಲೆಯ ಆಹಾರದಿಂದ, ನೀರಿನ ಮಾಧ್ಯಮದಲ್ಲಿ, ವಾತಾವರಣದ ಉಷ್ಣತೆಯಲ್ಲಿಯೇ ತಯಾರಿಸುತ್ತದೆ. ಈ ಪ್ರಕ್ರಿಯೆಯನ್ನು ಅನುಕರಿಸಿ ಕೃತಕ ಎಳೆ ತೆಗೆಯುವುದು ಜಗತ್ತಿನ ಹಲವು ಪ್ರಯೋಗಾಲಯಗಳ ಗುರಿಯಾಗಿದೆ. ಮತ್ತೊಂದೆಡೆ, ನೂಲು ಬಿಚ್ಚಾಣಿಕೆಯಲ್ಲಿ ಬೇಕಾಗುವ ನೀರು ಮತ್ತು ಸೌದೆ, ಹೊರಬರುವ ಕೊಳಚೆ ನೀರು, ಗೂಡಿನೊಳಗೆ ಸಾಯುವ ಕೋಶಗಳು, ಇವುಗಳನ್ನು ಗಣಿಸಿದರೆ ರೇಷ್ಮೆ ಕಸುಬಿನ ಸುಸ್ಥಿರತೆಯ ಲೆಕ್ಕವು ಅಷ್ಟು ಸರಳವಲ್ಲವೆಂಬುದು ತಿಳಿಯುತ್ತದೆ.

ಲಂಟಾನ ಕರಕುಶಲ

ಲಂಟಾನ ಅಮೆರಿಕ ಖಂಡದ ಉಷ್ಣವಲಯದ ಪೊದೆಗಿಡ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅಲಂಕಾರಿಕ ಸಸ್ಯವಾಗಿ ಭಾರತಕ್ಕೆ ಬಂದ ಇದು ದೇಶದ ಕಾಡುಗಳನ್ನು ವ್ಯಾಪಕವಾಗಿ ಆಕ್ರಮಿಸಿದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಆಕ್ರಮಣದ ವ್ಯಾಪ್ತಿಯನ್ನು 1,54,000 ಚದರ ಕಿಲೋಮೀಟರಿಗೂ ಹೆಚ್ಚೆಂದು ಅಂದಾಜಿಸಿತು. ಬಿಳಿಗಿರಿರಂಗನ ಬೆಟ್ಟದಲ್ಲಿ 1997 ಮತ್ತು 2008ರ ನಡುವಿನ ಬದಲಾವಣೆಯನ್ನು ಪರಿಶೀಲಿಸಿದ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಅವರ ಅಧ್ಯಯನವು, ಲಂಟಾನ ಕಂಡುಬರುವ ಪ್ರದೇಶವು ಆ 11 ವರ್ಷಗಳಲ್ಲಿ ಸುಮಾರು ಇಮ್ಮಡಿಯಾದುದನ್ನು ದಾಖಲಿಸಿತು. ಪೊದೆಯು ದಟ್ಟವಾಗಿ ಬೆಳೆದೆಡೆ ಹುಲ್ಲು ಮತ್ತು ಮರಗಳ ಸಸಿಗಳು ಮೇಲೇಳುವುದು ಕಷ್ಟ. ಕಾಡುಪ್ರಾಣಿಗಳಿಗೆ ಮೇವು ಕಡಿಮೆಯಾಗುತ್ತದೆ.

ಬೆಂಗಳೂರಿನ ‘ಏಟ್ರೀ’ ಸಂಸ್ಥೆಯು, ಅಂದರೆ ಅಶೋಕ ಪರಿಸರ ಸಂಶೋಧನಾ ಟ್ರಸ್ಟ್, 2004ರ ಸುಮಾರಿಗೆ ಮಲೆ ಮಹದೇಶ್ವರ ಬೆಟ್ಟದ ಪ್ರದೇಶದಲ್ಲಿ ಲಂಟಾನವನ್ನು ಬಿದಿರು ಹಾಗೂ ಬೆತ್ತಕ್ಕೆ ಬದಲಿಯಾಗಿ ಬಳಸುವ ತರಬೇತಿಯನ್ನು ಅರಣ್ಯಾವಲಂಬಿ ಕುಟುಂಬಗಳಿಗೆ ನೀಡತೊಡಗಿತು. ಕಾಡಿನಿಂದ ಕಡಿದು ತಂದ ನೇರವಾದ ಕಡ್ಡಿಗಳನ್ನು ನೀರಿನಲ್ಲಿ ಕುದಿಸಿ, ಸಿಪ್ಪೆ ಸುಲಿದು, ಹಸಿಯಾಗಿ ಬಾಗುವಾಗಲೇ ಬೇಕಾದ ಆಕಾರಕ್ಕೆ ಬಗ್ಗಿಸಲಾಗುತ್ತದೆ. ದಪ್ಪ ಕಡ್ಡಿಗಳು ಚೌಕಟ್ಟಿಗೆ, ತೆಳುವಾದವು ಹೆಣಿಗೆಗೆ. ಕುರ್ಚಿ, ಸೋಫಾ, ಮೇಜು, ಬುಟ್ಟಿ ಮುಂತಾದವು ಇದರಿಂದ ತಯಾರಾಗುತ್ತವೆ. ತಮಿಳುನಾಡಿನ ಗೂಡಲೂರಿನ ಆದಿವಾಸಿ ಕುಶಲಕರ್ಮಿಗಳು ಲಂಟಾನದಿಂದ ನಿಜಗಾತ್ರದ ಆನೆಗಳನ್ನು ರೂಪಿಸಿದ್ದು, ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಪ್ರದರ್ಶಿತವಾದವು.

ವಿಂಗಡಣೆಯ ಪ್ರಕಾರ ಇದು ಜೀವಾನುಕರಣೆಯಲ್ಲ, ಜೈವಿಕ ಬಳಕೆ. ಆದರೂ ಬೇಡವಾದುದನ್ನು ಕಚ್ಚಾವಸ್ತುವಾಗಿಸುವ ಇದರ ರೀತಿಯು ವ್ಯರ್ಥವೆಂಬುದೇ ಇಲ್ಲದ ಕಾಡಿನ ನಿಯಮಕ್ಕೆ ಹತ್ತಿರವಾದುದು. ಇದರ ಮಿತಿಗಳನ್ನೂ ಗಮನಿಸಬೇಕು. ಲಂಟಾನ ಕಡಿದರೆ ಮತ್ತೆ ಚಿಗುರುತ್ತದೆ. ಹಕ್ಕಿಗಳು ಬೀಜ ಹರಡುತ್ತವೆ. ಕರಕುಶಲಕ್ಕೆ ಬೇಕಾಗುವ ಕಡ್ಡಿಯ ಪ್ರಮಾಣವು ಕಾಡಿನಲ್ಲಿರುವ ಲಂಟಾನಕ್ಕೆ ಹೋಲಿಸಿದರೆ ಅತ್ಯಲ್ಪ. ಆದ್ದರಿಂದ ಕರಕುಶಲವೊಂದರಿಂದಲೇ ಕಾಡು ಚೇತರಿಸಿಕೊಳ್ಳದು. ಬೇರು ಸಹಿತ ಕೀಳುವುದು ಮತ್ತು ಆ ಜಾಗದಲ್ಲಿ ಸ್ಥಳೀಯ ಹುಲ್ಲು, ಮರಗಳನ್ನು ಬೆಳೆಸುವುದು ಅಗತ್ಯ. ಇದರ ನಿಜವಾದ ಪ್ರಯೋಜನವೆಂದರೆ ಬಿದಿರು, ಬೆತ್ತಗಳ ಮೇಲಿನ ಒತ್ತಡ ತಗ್ಗುವುದು ಮತ್ತು ಬೆಟ್ಟದ ಕುಟುಂಬಗಳಿಗೆ ಊರಿನಲ್ಲಿಯೇ ದುಡಿಮೆ ದೊರೆಯುವುದು.

ಸೋಲಿಗರ ಅರಣ್ಯಜ್ಞಾನ

ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಮೂಲನಿವಾಸಿಗಳಾದ ಸೋಲಿಗರು ಪೋಡುಗಳೆಂಬ ನೆಲೆಗಳಲ್ಲಿ ವಾಸಿಸುತ್ತಾರೆ. ಬೇಸಗೆಯ ಆರಂಭದಲ್ಲಿ ಒಣ ಎಲೆಗಳನ್ನಷ್ಟೇ ಸುಡುವ ‘ತರಗು ಬೆಂಕಿ’ ಎಂಬ ಪದ್ಧತಿ ಅವರಲ್ಲಿ ರೂಢಿಯಲ್ಲಿತ್ತು. ತಗ್ಗಾದ ಈ ಬೆಂಕಿಯು ದೊಡ್ಡ ಕಾಳ್ಗಿಚ್ಚನ್ನು ತಡೆಯುತ್ತಿತ್ತು, ಲಂಟಾನದ ಬೀಜ ಮತ್ತು ಎಳೆಯ ಸಸಿಗಳನ್ನು ಸುಡುತ್ತಿತ್ತು, ನೆಲ್ಲಿಮರಗಳಿಗೆ ಹತ್ತುವ ‘ಉಪ್ಪಿಲು’ ಎಂಬ ಬಂದಳಿಕೆಯನ್ನು ಹತೋಟಿಯಲ್ಲಿಡುತ್ತಿತ್ತು ಎಂಬುದು ಸೋಲಿಗರ ವಿವರಣೆ. ಈ ಪ್ರದೇಶವು 1974ರಲ್ಲಿ ವನ್ಯಜೀವಿಧಾಮವಾದ ನಂತರ ಬೆಂಕಿಯಿಡುವುದು ನಿಷಿದ್ಧವಾಯಿತು. ಲಂಟಾನದ ಹರಡುವಿಕೆಗೂ ತರಗು ಬೆಂಕಿ ನಿಂತುದಕ್ಕೂ ಸಂಬಂಧವಿದೆಯೆಂಬ ಸೋಲಿಗರ ಅಭಿಪ್ರಾಯವನ್ನು ಪರಿಸರ ವಿಜ್ಞಾನಿಗಳು ದಾಖಲಿಸಿ ಚರ್ಚಿಸಿದ್ದಾರೆ. ಈಗಾಗಲೇ ಪೊದೆ ದಟ್ಟವಾಗಿರುವೆಡೆ ಅದೇ ಬೆಂಕಿಯು ಎತ್ತರಕ್ಕೆ ಹಬ್ಬಿ ಮರಗಳನ್ನು ಸುಡಬಹುದಾದ್ದರಿಂದ, ಹಳೆಯ ಪದ್ಧತಿಯನ್ನು ಯಥಾವತ್ತಾಗಿ ಮರಳಿ ತರುವುದು ಸುಲಭವಲ್ಲ. ಜೀವವ್ಯವಸ್ಥೆಯ ಮಟ್ಟದ ವಿನ್ಯಾಸಕ್ಕೆ ಕಾಲ ಹಾಗೂ ಸಂದರ್ಭ ಎಷ್ಟು ಮುಖ್ಯವೆಂಬುದನ್ನು ಇದು ತೋರಿಸುತ್ತದೆ.

ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕುಗಳ ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ಪಡೆದ ದೇಶದ ಮೊದಲ ಸಮುದಾಯವೆಂದು ಸೋಲಿಗರು ಗುರುತಿಸಲ್ಪಟ್ಟಿದ್ದಾರೆ.

ಪದವಿ ಹಂತದ ವ್ಯಾಸಂಗ

ಪ್ರವೇಶದ ಮಾರ್ಗಗಳು

ದ್ವಿತೀಯ ಪಿ.ಯು.ಸಿ. ನಂತರ ಈ ವಿಷಯದತ್ತ ಸಾಗಲು ಹಲವು ದಾರಿಗಳಿವೆ. ನಾಲ್ಕು ವರ್ಷಗಳ ವಿನ್ಯಾಸ ಪದವಿಗೆ ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದ ವಿದ್ಯಾರ್ಥಿಗಳೂ ಅರ್ಹರು. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ತನ್ನದೇ ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ. ಐಐಟಿಗಳ ವಿನ್ಯಾಸ ಪದವಿಗೆ ಬಾಂಬೆ ಐಐಟಿಯು 2015ರಿಂದ ‘ಯುಸೀಡ್’ ಪರೀಕ್ಷೆಯನ್ನು ನಡೆಸುತ್ತಿದೆ. ಐದು ವರ್ಷಗಳ ವಾಸ್ತುಶಿಲ್ಪ ಪದವಿಗೆ ‘ನಾಟಾ’ ಪರೀಕ್ಷೆಯಿದ್ದು, ಪಿ.ಯು.ಸಿ.ಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು. ಎಂಜಿನಿಯರಿಂಗ್ ಹಾಗೂ ಬಿ.ಎಸ್‌ಸಿ. ವಿದ್ಯಾರ್ಥಿಗಳು ಐಚ್ಛಿಕ ವಿಷಯ ಅಥವಾ ಕಿರು ಸಂಶೋಧನೆಯ ಮೂಲಕ ಈ ಕ್ಷೇತ್ರವನ್ನು ಪ್ರವೇಶಿಸಬಹುದು. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ಎಲ್ಲ ಪದವಿಗಳಲ್ಲಿಯೂ ಕಡ್ಡಾಯವಾಗಿರುವ ಪರಿಸರ ಅಧ್ಯಯನ ಪತ್ರಿಕೆಯು ಕಲಾ ಪದವಿಯ ವಿದ್ಯಾರ್ಥಿಗಳಿಗೂ ಮೊದಲ ಪರಿಚಯವನ್ನು ಒದಗಿಸುತ್ತದೆ.

ಕಲಿಕೆಯ ಕ್ರಮ

ಅಧ್ಯಯನವು ಎರಡು ದಿಕ್ಕುಗಳಲ್ಲಿ ಸಾಗಬಹುದು. ಮನುಷ್ಯನ ಸಮಸ್ಯೆಯೊಂದರಿಂದ ಹೊರಟು ಅದಕ್ಕೆ ಜೀವಲೋಕದಲ್ಲಿ ಪರಿಹಾರ ಹುಡುಕುವುದು ಒಂದು. ಜೀವಿಯೊಂದರ ವಿಶೇಷವನ್ನು ಕಂಡು ಅದಕ್ಕೆ ಉಪಯೋಗವನ್ನು ಚಿಂತಿಸುವುದು ಇನ್ನೊಂದು. ಮೊದಲ ಬಗೆಯಲ್ಲಿ ಸಮಸ್ಯೆಯನ್ನು ವಸ್ತುವಿನ ಹೆಸರಿನಿಂದಲ್ಲದೆ ಕ್ರಿಯೆಯ ರೂಪದಲ್ಲಿ ಹೇಳಲು ವಿದ್ಯಾರ್ಥಿಗೆ ಕಲಿಸಲಾಗುತ್ತದೆ. ‘ಫ್ಯಾನ್ ಬೇಕು’ ಎನ್ನುವ ಬದಲು ‘ಶಾಖವನ್ನು ಹೊರಹಾಕಬೇಕು’ ಎಂದಾಗ ಹುತ್ತ, ಆನೆಯ ಕಿವಿ, ಮರದ ನೆರಳು ಎಲ್ಲವೂ ಉತ್ತರವಾಗಿ ತೆರೆದುಕೊಳ್ಳುತ್ತವೆ. ನಂತರ ಜೈವಿಕ ತತ್ತ್ವವನ್ನು ಗುರುತಿಸುವುದು, ಅದನ್ನು ಸರಳ ಚಿತ್ರಕ್ಕೆ ಇಳಿಸುವುದು, ಮಾದರಿ ತಯಾರಿಸುವುದು ಮತ್ತು ಅದರ ಪರಿಸರ ಪರಿಣಾಮವನ್ನು ಅಳೆಯುವುದು ಅನುಕ್ರಮವಾಗಿ ಬರುತ್ತವೆ. 2008ರಲ್ಲಿ ಆರಂಭವಾದ ‘ಆಸ್ಕ್ ನೇಚರ್’ ಎಂಬ ಉಚಿತ ಸಂಗ್ರಹವು ಕ್ರಿಯೆಗಳ ಆಧಾರದಲ್ಲಿ ಜೈವಿಕ ನಿದರ್ಶನಗಳನ್ನು ಹುಡುಕಲು ನೆರವಾಗುತ್ತದೆ.

ಕ್ಷೇತ್ರಕಾರ್ಯ

ಗ್ರಾಮಾಂತರ ಕಾಲೇಜುಗಳಲ್ಲಿ ದುಬಾರಿ ಪ್ರಯೋಗಾಲಯ ಇಲ್ಲದಿದ್ದರೂ ಈ ಅಧ್ಯಯನವನ್ನು ಆರಂಭಿಸಬಹುದು. ತರಗತಿಯ ಕೊಠಡಿ ಮತ್ತು ಹೆಂಚಿನ ಮನೆಯೊಳಗಿನ ಉಷ್ಣತೆಯನ್ನು ಗಂಟೆಗೊಮ್ಮೆ ಅಳೆದು ಹೋಲಿಸುವುದು, ಒಂದು ಕಿಲೋ ರೇಷ್ಮೆ ನೂಲಿಗೆ ತಗಲುವ ನೀರು ಮತ್ತು ಸೌದೆಯನ್ನು ಲೆಕ್ಕ ಹಾಕುವುದು, ಲಂಟಾನ ಕುರ್ಚಿಯ ಭಾರ ತಡೆಯುವ ಶಕ್ತಿಯನ್ನು ಬಿದಿರಿನ ಕುರ್ಚಿಯೊಂದಿಗೆ ಹೋಲಿಸುವುದು ಇಂತಹ ಕಾರ್ಯಗಳಿಗೆ ಉದಾಹರಣೆ. ವನ್ಯಜೀವಿಧಾಮ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳೊಳಗೆ ಅಧ್ಯಯನ ಮಾಡಲು ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಪೋಡುಗಳಲ್ಲಿ ಮಾಹಿತಿ ಕಲೆಹಾಕುವ ಮುನ್ನ ಅಲ್ಲಿನ ಜನರ ಒಪ್ಪಿಗೆ ಪಡೆಯುವುದು ಸಂಶೋಧನಾ ನೀತಿಯ ಭಾಗ. ಸ್ಥಳೀಯ ವಿದ್ಯಾರ್ಥಿಗಳಿಗೆ ಗಿಡಮರ, ಹಕ್ಕಿ, ಹುಳುಗಳ ಕನ್ನಡದ ಹಾಗೂ ಸೋಲಿಗರ ನುಡಿಯ ಹೆಸರುಗಳು ಪರಿಚಿತವಾಗಿರುವುದು ಈ ಕಾರ್ಯದಲ್ಲಿ ದೊಡ್ಡ ಅನುಕೂಲ. ಆದರೆ ಪಠ್ಯಸಾಮಗ್ರಿಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ವರ್ಷವು ಶ್ರಮದಾಯಕವಾಗುತ್ತದೆ.

ಜ್ಞಾನದ ಹಕ್ಕು

ನಿಸರ್ಗದಿಂದ ಕಲಿತದ್ದು ಯಾರಿಗೆ ಸೇರಬೇಕೆಂಬ ಪ್ರಶ್ನೆಯು ಈ ಕ್ಷೇತ್ರದ ಮುಖ್ಯ ನೈತಿಕ ಸಮಸ್ಯೆ. ಜೀವಿಯ ಗುಣವನ್ನು ಒಂದು ಸಮುದಾಯವು ತಲೆಮಾರುಗಳಿಂದ ಅರಿತಿದ್ದು, ಅದನ್ನು ಹೊರಗಿನವರು ಪೇಟೆಂಟ್ ಮಾಡಿಕೊಂಡರೆ ಸಮುದಾಯಕ್ಕೆ ಏನೂ ದೊರೆಯದೆ ಹೋಗಬಹುದು. ಅರಿಸಿನದ ಗಾಯ ಮಾಯಿಸುವ ಗುಣಕ್ಕೆ ಅಮೆರಿಕದಲ್ಲಿ ನೀಡಿದ್ದ ಪೇಟೆಂಟನ್ನು ಭಾರತದ ಆಕ್ಷೇಪದ ಮೇರೆಗೆ 1997ರಲ್ಲಿ ರದ್ದುಗೊಳಿಸಲಾಯಿತು. ಭಾರತದ ಜೀವವೈವಿಧ್ಯ ಕಾಯ್ದೆ, 2002, ಜೈವಿಕ ಸಂಪನ್ಮೂಲ ಹಾಗೂ ಅದಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ಜ್ಞಾನದ ಬಳಕೆಯಿಂದ ಬರುವ ಲಾಭದಲ್ಲಿ ಸಮುದಾಯಗಳಿಗೆ ಪಾಲು ದೊರೆಯಬೇಕೆಂದು ವಿಧಿಸುತ್ತದೆ. ಈ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ತತ್ತ್ವವನ್ನು ಮಾತ್ರ ಅನುಕರಿಸಿ ಜೀವಿಯನ್ನು ಮುಟ್ಟದ ವಿನ್ಯಾಸಗಳಲ್ಲಿ, ಆ ತತ್ತ್ವವನ್ನು ತೋರಿಸಿಕೊಟ್ಟವರ ಪಾಲನ್ನು ನಿರ್ಧರಿಸುವುದು ಹೆಚ್ಚು ಜಟಿಲವಾಗಿದೆ.

ಟೀಕೆಗಳು

ನಿಸರ್ಗವು ಮಾಡಿದ್ದೆಲ್ಲವೂ ಉತ್ತಮವೆಂಬ ಭಾವನೆಯು ಸರಿಯಲ್ಲವೆಂದು ವಿಮರ್ಶಕರು ಹೇಳುತ್ತಾರೆ. ಜೀವವಿಕಾಸವು ಜೀವಿಯ ಉಳಿವಿಗೆ ಸಾಕಾದುದನ್ನು ರೂಪಿಸುತ್ತದೆಯೇ ಹೊರತು ಪರಿಪೂರ್ಣವಾದುದನ್ನಲ್ಲ. ಅತಿ ಸಣ್ಣ ಗಾತ್ರದಲ್ಲಿ ಸಫಲವಾಗುವ ರಚನೆಯು ದೊಡ್ಡ ಗಾತ್ರದಲ್ಲಿ ವಿಫಲವಾಗಬಹುದು. ‘ನಿಸರ್ಗಪ್ರೇರಿತ’ ಎಂಬ ಮಾತನ್ನು ಮಾರಾಟದ ಘೋಷಣೆಯಾಗಿ ಬಳಸುವ ಪ್ರವೃತ್ತಿಯೂ ಇದೆ. ಈ ಕಾರಣಗಳಿಂದ, ವಸ್ತುವಿನ ಜೀವನಚಕ್ರದ ಅಳತೆ, ತಯಾರಿಸಿದವರ ಆದಾಯ, ಮೂಲ ಜೀವಿಯ ಆವಾಸದ ಸ್ಥಿತಿ ಮೂರನ್ನೂ ಪರಿಶೀಲಿಸಿದ ನಂತರವೇ ಒಂದು ವಿನ್ಯಾಸವನ್ನು ಸುಸ್ಥಿರವೆಂದು ಕರೆಯುವುದು ಉಚಿತವೆಂಬ ಅಭಿಪ್ರಾಯವಿದೆ.

ಇವನ್ನೂ ನೋಡಿ

ಬಿಳಿಗಿರಿರಂಗನ ಬೆಟ್ಟ
ಮಲೆ ಮಹದೇಶ್ವರ ವನ್ಯಜೀವಿಧಾಮ
ಸೋಲಿಗರು
ರೇಷ್ಮೆ ಕೃಷಿ
ಲಂಟಾನ
ಭಾರತೀಯ ವಿಜ್ಞಾನ ಸಂಸ್ಥೆ